ಮಧ್ಯೆ ಬಾಯಿ ಹಾಕಬಾರದು

ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ನಮ್ಮ ಚಂದ್ರಾ ಲೇಔಟ್ ಮನೆಯ ಹಾಲ್‌ನಲ್ಲಿ ನಾಲ್ಕು ಕುರ್ಚಿಗಳನ್ನು ಎದುರುಬದುರಾಗಿ ಹಾಕುತ್ತೇನೆ. ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದವಳು ನಾನು. ಕುರ್ಚಿ ಸ್ವಲ್ಪ ಸೊಟ್ಟಗಿದ್ದರೂ ಎದ್ದುಹೋಗಿ ಸರಿಮಾಡದೆ ಕೂರಲಾರೆ.

ಆ ಕುರ್ಚಿಗಳಲ್ಲಿ ಕೂತು ನಾವು ಮಾತಾಡುವುದು ಬಾಹ್ಯಾಕಾಶದ ಒಂದು ಧಾರಾವಾಹಿಯ ಬಗ್ಗೆ. ಶನಿಗ್ರಹದ ಕಡೆ ಹೊರಟ ಹಡಗು, ಅದರಲ್ಲಿ ಆರು ಜನ. ಅವರ ಒಂದು ಮಾತು ಭೂಮಿಗೆ ತಲುಪಲು ಗಂಟೆಗೂ ಮೀರಿ ಬೇಕು, ಉತ್ತರ ಬರಲು ಮತ್ತೆ ಅಷ್ಟೇ ಹೊತ್ತು. ಇದನ್ನು ನಮಗೆ ಹಚ್ಚಿದವಳು ಮೇಲಿನ ಮನೆಯ ಬಾಡಿಗೆ ಹುಡುಗಿ. ಎಲ್ಲರೂ ಆ ವಾರದ ಎಪಿಸೋಡನ್ನು ತಮ್ಮ ತಮ್ಮ ಮನೆಯಲ್ಲೇ ನೋಡಿಕೊಂಡು ಬರಬೇಕು, ಸರದಿಯಂತೆ ಅಭಿಪ್ರಾಯ ಹೇಳಬೇಕು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಮಧ್ಯೆ ಬಾಯಿ ಹಾಕಬಾರದು. ಹಾಕಿದರೆ ನಾನು ಸ್ಟೀಲ್ ಲೋಟಕ್ಕೆ ಚಮಚ ಬಡಿಯುತ್ತೇನೆ.

ಈ ಕಟ್ಟುನಿಟ್ಟು ನನ್ನ ಯಜಮಾನರಿಗಾಗಿ. ಬ್ಯಾಂಕಿನಲ್ಲಿದ್ದಾಗ ಕೌಂಟರಿನ ಆಚೆಗೂ ಕೇಳಿಸುವಂತೆ ಮಾತಾಡುತ್ತಿದ್ದವರು. ಸ್ಟ್ರೋಕ್ ಆದ ಮೇಲೆ ಬಲಗೈ ಬೇಗ ಸುಧಾರಿಸಿತು, ಮಾತು ಸುಧಾರಿಸಲಿಲ್ಲ. ಹೇಳಬೇಕಾದ್ದು ತಲೆಯಲ್ಲಿ ಇರುತ್ತದೆ, ಪದ ಸಿಗುವುದಿಲ್ಲ. ಮಾತಿನ ಅಭ್ಯಾಸ ಮಾಡಿಸಲು ಬರುತ್ತಿದ್ದ ಡಾಕ್ಟರಮ್ಮ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದ್ದರು: "ಅವರು ತಡವರಿಸ್ದಾಗ ನೀವು ಪದ ಕೊಡ್ಬೇಡಿ ಮೇಡಂ. ಹುಡುಕೋದನ್ನ ಅವರು ಬಿಟ್ಬಿಟ್ರೆ, ಈಗ ಬರ್ತಿರೋ ಮಾತೂ ನಿಂತ್ಹೋಗುತ್ತೆ."

ನಾಲ್ಕನೆಯ ಕುರ್ಚಿ ಕುರುಬರಹಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ, ಯಜಮಾನರ ವಾಕಿಂಗ್ ಗೆಳೆಯರದ್ದು. ಬಲು ಒಳ್ಳೆಯ ಮನುಷ್ಯ, ತಾಳ್ಮೆ ಮಾತ್ರ ಇಲ್ಲ. ಧಾರಾವಾಹಿಯ ಮೇಲೂ ಅವರ ದೂರು ಅದೇ. "ಏನ್ ಮೇಡಂ ಇದು, ಒಂದ್ ಹಲೋ ಅನ್ನೋಕೆ ಅರ್ಧ ಎಪಿಸೋಡಾ? ನಮ್ಮಂಗಡೀಲಿ ಹಿಂಗ್ ನಿಂತ್ರೆ ಗಿರಾಕಿ ಪಕ್ಕದಂಗಡಿಗೆ ಹೋಗ್ತಾನೆ."

"ಅಲ್ಲಿ ಪಕ್ಕದಂಗಡಿ ಎಲ್ಲಿದೆ ಅಂಕಲ್?" ಎಂದು ಹುಡುಗಿ ಕೇಳಿದ್ದಳು.

ತಪ್ಪು ನಡೆದದ್ದು ಕೊನೆಯ ಎಪಿಸೋಡಿಗೆ ಎರಡು ವಾರ ಮೊದಲು. ಯಜಮಾನರ ಸರದಿ. "ಕ್ಯಾಪ್ಟನ್ನು... ಕ್ಯಾಪ್ಟನ್ನು..." ಎಂದು ನಿಂತರು. ಕಣ್ಣು ಮುಚ್ಚಿ, ಬೆರಳಿನಿಂದ ತೊಡೆ ತಟ್ಟುತ್ತ ಹುಡುಕುತ್ತಿದ್ದರು. ಅಂಗಡಿಯವರಿಗೆ ಅವರ ಕಷ್ಟ ನೋಡಲಾಗಲಿಲ್ಲ.

"ಮೋಸಗಾರ. ಅದೇ ತಾನೇ ಸಾರ್ ನೀವು ಹೇಳ್ತಿರೋದು?"

ನಾನು ಚಮಚ ಎತ್ತುವಷ್ಟರಲ್ಲಿ ಮಾತು ಆಗಿಹೋಗಿತ್ತು. ಯಜಮಾನರು ಹೌದೆಂಬಂತೆ ಸುಮ್ಮನೆ ತಲೆಯಾಡಿಸಿದರು. ಅವರು ಹೇಳಬೇಕೆಂದಿದ್ದುದು ಅದಲ್ಲವೆಂದು ಆ ತಲೆಯಾಡಿಸುವಿಕೆಯಲ್ಲೇ ನನಗೆ ಗೊತ್ತಾಯಿತು. ಮುಂದಿನ ಭಾನುವಾರ ರೂಮಿನ ಬಾಗಿಲು ಹಾಕಿಕೊಂಡು ಹೊರಗೆ ಬರಲೇ ಇಲ್ಲ. ಆ ವಾರವೆಲ್ಲ ಕಾಫಿ ಬೇಕಾದರೂ ಕೈಸನ್ನೆ. ನಾನು ಕೇಳಿದರೆ ಮುಖ ತಿರುಗಿಸುತ್ತಿದ್ದರು. ಡಾಕ್ಟರಮ್ಮ ಎಚ್ಚರಿಸಿದ್ದು ಇದರ ಬಗ್ಗೆಯೇ. ರಾಗಿ ಗಂಜಿ ಕದಡುತ್ತಿದ್ದಾಗಲೂ ನನ್ನ ಕಿವಿ ರೂಮಿನ ಕಡೆಗೇ ಇರುತ್ತಿತ್ತು.

ಕೊನೆಯ ಎಪಿಸೋಡನ್ನು ಮಾತ್ರ ನನ್ನ ಪಕ್ಕದಲ್ಲಿ ಕೂತು ಪೂರ್ತಿ ನೋಡಿದರು. ಭಾನುವಾರ ನಾನು ಕರೆಯಲಿಲ್ಲ. ನಾಲ್ಕು ಕುರ್ಚಿ ಹಾಕಿದೆ, ಅಷ್ಟೆ. ಮೂವರೂ ಕೂತೆವು. ಅಂಗಡಿಯವರು ಎಂದಿಗಿಂತ ಮೊದಲೇ ಬಂದಿದ್ದರು. "ನಾನು ಇವತ್ತು ಬರ್ದೇ ಇದ್ರೆ ಚೆನ್ನಾಗಿರ್ತಿತ್ತೇನೋ ಮೇಡಂ" ಎಂದು ಮೆಲ್ಲಗೆ ಅಂದರು. "ಕೂತ್ಕೊಳ್ಳಿ" ಅಂದೆ.

ರೂಮಿನ ಬಾಗಿಲು ತೆರೆಯಿತು. ಯಜಮಾನರು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಬಂದು ಕೂತರು.

ಹುಡುಗಿ ಮೊದಲು ಹೇಳಿದಳು. ಹಡಗಿನ ಪೈಲಟ್ ಹೆಂಗಸು ಒಬ್ಬಳೇ ಉಳಿದು ಭೂಮಿಗೆ ಮರಳುವ ಕೊನೆ ಅವಳಿಗೆ ತುಂಬ ಹಿಡಿಸಿತ್ತು. ನಾನೂ ಚೆನ್ನಾಗಿದೆಯೆಂದೆ. ಆಮೇಲೆ ಯಜಮಾನರ ಸರದಿ.

"ಅವಳು," ಎಂದರು. ತೊಡೆಯ ಮೇಲೆ ಬೆರಳು ತಟ್ಟತೊಡಗಿತು. "ವಾಪಸ್ಸು..."

ಅಂಗಡಿಯವರು ಎರಡೂ ಕೈಗಳನ್ನು ತೊಡೆಗಳ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದರು.

"ವಾಪಸ್ಸು... ಬರಬಾರ್ದಿತ್ತು."

ಅಷ್ಟು ಹೇಳಿ ಸುಮ್ಮನಾದರು. ನಾವು ಕಾದೆವು. ಯಾಕೆ ಬರಬಾರದಿತ್ತು ಅನ್ನುವುದು ಇನ್ನೂ ಬರಬೇಕಿತ್ತು. ಬೆರಳು ತಟ್ಟುವುದು ನಿಂತಿತ್ತು. ಹುಡುಕುವುದನ್ನೇ ಬಿಟ್ಟರೋ? ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತ ಬಂದು, ನಮ್ಮ ಗೇಟು ದಾಟಿ, ಮುಂದಿನ ತಿರುವಿಗೆ ಹೋದಳು. ಹುಡುಗಿ ನೆಲದ ಟೈಲ್ಸ್ ನೋಡುತ್ತಿದ್ದಳು. ಅಂಗಡಿಯವರ ಹಣೆಯಲ್ಲಿ ಬೆವರು, ತುಟಿ ಬಿಗಿಯಾಗಿ ಮುಚ್ಚಿತ್ತು. ಒಂದು ಪದ ಕೊಟ್ಟುಬಿಡೋಣ ಎಂದು ನನಗೇ ಅನ್ನಿಸಿತು. ಚಮಚವನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಯಜಮಾನರು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು.

"ಏನು... ಎಲ್ರೂ... ಹಿಂಗ್ ನೋಡ್ತಿದೀರಿ? ನಂದು... ಆಯ್ತು."

ಮೊದಲು ನಕ್ಕದ್ದು ಹುಡುಗಿ. "ಅಷ್ಟೇನಾ ಅಂಕಲ್? ನಾನು ಉಸಿರು ಬಿಗಿಹಿಡ್ಕೊಂಡು ಕೂತಿದೀನಿ."

"ಅಷ್ಟೇ. ಅಲ್ಲಿ... ಚೆನ್ನಾಗಿದ್ಲು." ಅಂಗಡಿಯವರ ಕಡೆ ಗದ್ದ ಎತ್ತಿದರು. "ನೀವು."

ಅಂಗಡಿಯವರು ಕೈ ಹೊರತೆಗೆದು ಕರ್ಚೀಫಿನಿಂದ ಮುಖ ಒರೆಸಿಕೊಂಡರು. ಇಷ್ಟು ಹೊತ್ತು ತಡೆದುಕೊಂಡದ್ದಕ್ಕೋ ಏನೋ, ಅವರ ಮಾತೇ ತೊಡರಿತು. "ನಂಗೆ ಇಷ್ಟ ಆಗಿದ್ದು ಸಾರ್, ಅವಳು ಕೊನೇಲಿ ಬಂದು ಅದನ್ನ ತೆಗೀತಾಳಲ್ಲ, ಆ ದೊಡ್ಡದು, ಕಬ್ಬಿಣದ್ದು, ಏನಂತಾರೆ ಅದಕ್ಕೆ, ಅದು..."

"ಬಾಗಿಲು," ಎಂದರು ಯಜಮಾನರು. ಬೆರಳು ತಟ್ಟಲಿಲ್ಲ, ಕಣ್ಣು ಮುಚ್ಚಲಿಲ್ಲ.

ಹುಡುಗಿ ನನ್ನ ಕೈ ನೋಡಿದಳು. ನಾನು ಚಮಚವನ್ನು ಸಕ್ಕರೆ ಡಬ್ಬಿಯೊಳಗೆ ಇಟ್ಟು, ಕಾಫಿ ಬಿಸಿಗಿಡಲು ಎದ್ದೆ. ಅಂಗಡಿಯವರು, "ಹಾಂ ಸಾರ್, ಬಾಗಿಲು," ಎಂದು ಮುಂದುವರಿಸಿದರು.