ಭಜನೆಯಲ್ಲಿ ನನ್ನ ತಪ್ಪು ಚಪ್ಪಾಳೆ

ಗೆಳೆಯರೇ, ಇವತ್ತು ಕೊಳ್ಳೇಗಾಲದ ನಮ್ಮ ಬೀದಿಯ ಭಜನೆಯಲ್ಲಿ ನನ್ನನ್ನು ಬೈದು ಹಿಂದಿನ ಸಾಲಿಗೆ ಕಳಿಸಿದರು. ನಾಲ್ಕು ಎಣಿಕೆಯ ಹಾಡಿಗೆ ಎಲ್ಲರ ಚಪ್ಪಾಳೆ ಒಂದು, ಮೂರಕ್ಕೆ ಬಿದ್ದರೆ ನನ್ನದು ಎರಡು, ನಾಲ್ಕಕ್ಕೆ ಬೀಳುತ್ತಿತ್ತು. ತಾಳ ಹಾಕುವ ಮಾದಣ್ಣ ಹಾಡು ನಿಲ್ಲಿಸಿ, "ಏನ್ಲಾ, ನಾವೆಲ್ಲ ತಟ್ಟಿದ್ಮೇಲೆ ತಟ್ತೀಯಲ್ಲ, ನಿದ್ದೆ ಮಾಡ್ತಿದ್ದೀಯಾ?" ಎಂದು ರೇಗಿದರು.

ಪಕ್ಕದಲ್ಲಿದ್ದ ತಂಗಿಯ ಮಗಳು ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ನುಡಿಸುವವಳು. "ಮಾವ, ಇದು ಬ್ಯಾಕ್‌ಬೀಟು. ಸಿನಿಮಾ ಹಾಡಲ್ಲಿ ಡ್ರಮ್ಮಿನ ಜೋರು ಪೆಟ್ಟು ಎರಡು, ನಾಲ್ಕಕ್ಕೇ ಬೀಳೋದು. ಯಾರು ಯೇಳ್ಕೊಟ್ರು?" ಎಂದಳು.

ಯಾರೂ ಹೇಳಿಕೊಡಲಿಲ್ಲ. ನಡುಮನೆಯಲ್ಲಿ ಅಪ್ಪ ರೇಷ್ಮೆ ಸೀರೆ ನೇಯುವಾಗ ಮೊದಲು ಲಾಳಿ ಮೆತ್ತಗೆ ಸರಿಯುತ್ತಿತ್ತು, ಆಮೇಲೆ ನೂಲನ್ನು ಒತ್ತುವ ಹಲಗೆ ಧಡ್ ಎಂದು ಬಡಿಯುತ್ತಿತ್ತು. ಆ ಮಗ್ಗದ ಪಕ್ಕದಲ್ಲೇ ಮಲಗಿ ಬೆಳೆದವನ ಕೈ ಇವತ್ತಿಗೂ ಮೊದಲ ಸದ್ದಿಗೆ ಸುಮ್ಮನಿದ್ದು ಎರಡನೆಯದಕ್ಕೆ ಕಾಯುತ್ತದೆ. ಅಪ್ಪ ಹೋದ ಮೇಲೆ ಮಗ್ಗ ಬಿಚ್ಚಿದೆವು. ಅದಿದ್ದ ಜಾಗದಲ್ಲಿ ಈಗ ಸೋಫಾ ಇದೆ.

"ಮುಂದಿನ ವಾರ ಸರಿಯಾಗಿ ತಟ್ಟೋದಾದ್ರೆ ಬಾ" ಎಂದಿದ್ದಾರೆ ಮಾದಣ್ಣ. ಹೋಗುತ್ತೇನೆ. ಅವರ ಜೊತೆ ಕೂತು ಕೂತು ಸರಿಯಾಗಿ ತಟ್ಟುವುದು ಎಲ್ಲಿ ಬಂದುಬಿಡುತ್ತದೋ ಎನ್ನುವುದೊಂದೇ ಹೆದರಿಕೆ.