‘ಸಂಬಂಧ’ ಎಂಬ ಕಾಲಂ

ಪ್ರಾಥಮಿಕ ಆರೋಗ್ಯ ಸೇವೆಯ ಕ್ಷೇತ್ರದಲ್ಲಿ ಹೆಸರು ಮಾಡಿದವರು ಬಹಳ ಮಂದಿ. ಹೆಸರು ಕೆಡಿಸಿಕೊಂಡು ಸೇವೆ ಮಾಡಿದವರು ವಿರಳ. ಆ ವಿರಳರ ಸಾಲಿನಲ್ಲಿ ಮುಂದೆ ನಿಲ್ಲುವವರು, ನಮ್ಮ ಆರೋಗ್ಯ ಕೇಂದ್ರದಲ್ಲಿ ಮೂವತ್ತೊಂದು ವರ್ಷ ದಾದಿಯಾಗಿ ದುಡಿದು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಸಿಸ್ಟರಕ್ಕನವರು. ಎರಡು ಭಾಷೆಯಲ್ಲೂ ಅಕ್ಕ ಎನಿಸಿಕೊಂಡ ಈ ಹಿರಿಯರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ಈ ಅಭಿನಂದನಾ ಸಂಪುಟದ ಸಂಪಾದಕ ಸಮಿತಿಯವರು ಕೇಳಿದ್ದಾರೆ. ಒಳ್ಳೆಯ ಮಾತೆಲ್ಲ ಅವರ ಪಾಲಿಗೆ. ನನ್ನ ಸಿಟ್ಟು ಉಳಿದವರ ಪಾಲಿಗೆ, ಅದರಲ್ಲಿ ಮೊದಲ ಪಾಲು ನನಗೇ.

ನಾನು ಆ ಕೇಂದ್ರದ ನೋಂದಣಿ ಗುಮಾಸ್ತ. ಹನ್ನೆರಡು ವರ್ಷಗಳ ಹಿಂದೆ, ಗಡಿಯಾಚೆಯ ಯುದ್ಧಕ್ಕೆ ಹೆದರಿ ಓಡಿಬಂದ ಕುಟುಂಬಗಳನ್ನು ಮುಚ್ಚಿಹೋದ ನೂಲಿನ ಗಿರಣಿಯ ಗೋದಾಮಿನಲ್ಲಿ ಇಳಿಸಿದರು. ನಮ್ಮ ಅರ್ಜಿಯಲ್ಲಿ ‘ಮನೆ ಸಂಖ್ಯೆ’ ಎಂಬ ಕಾಲಂ ಇತ್ತು. ಅದರ ಕೆಳಗೆ ‘ಮನೆಯ ಯಜಮಾನರಿಗೆ ಸಂಬಂಧ’. ಗೋದಾಮಿಗೆ ಮನೆ ಸಂಖ್ಯೆ ಇರಲಿಲ್ಲ. ಸಂಖ್ಯೆಯಿಲ್ಲದೆ ಚೀಟಿಯಿಲ್ಲ, ಚೀಟಿಯಿಲ್ಲದೆ ಡಾಕ್ಟರಿಲ್ಲ. ಕಿವಿ ಸೋರುತ್ತಿದ್ದ ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ಬಂದ ತಾಯಿಯೊಬ್ಬಳನ್ನು “ನಂಬರ್ ತಗೊಂಡು ಬಾರಮ್ಮ” ಎಂದು ನಾಲ್ಕು ಸಲ ಹಿಂದೆ ಕಳಿಸಿದೆ. ಐದನೆಯ ಸಲ ಅವಳು ಒಂದು ಕಾಗದದ ಚೂರು ಚಾಚಿದಳು. ತಾವು ಮಲಗುವ ಜಾಗದ ಕಂಬದ ಮೇಲೆ ಗಿರಣಿಯವರು ಬಳಿದಿದ್ದ ಅಂಕಿಯನ್ನು ಅದರಲ್ಲಿ ಚಿತ್ರ ಬಿಡಿಸಿದ ಹಾಗೆ ಬರೆದು ತಂದಿದ್ದಳು: ಹದಿನಾಲ್ಕು. ನಾನು ನಕ್ಕೆ. ಆ ನಗು ನೆನಪಾದರೆ ಇಂದಿಗೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ಪಕ್ಕದ ಕೋಣೆಯಲ್ಲಿ ಸೂಜಿ ಹಾಕುತ್ತಿದ್ದ ಸಿಸ್ಟರಕ್ಕ ಹೊರಗೆ ಬಂದರು. ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ತಮ್ಮ ಕ್ವಾರ್ಟರ್ಸಿನ ಸಂಖ್ಯೆ ಬರೆದರು. ಯಜಮಾನರೆಂದರೆ ಅವರ ಪತಿ. ಸಂಬಂಧದ ಕಾಲಂನಲ್ಲಿ ‘ನಾದಿನಿಯ ಮಗಳು’, ಅಂದರೆ ತಮ್ಮ ತಂಗಿಯ ಮಗಳು, ಎಂದು ತುಂಬಿದರು.

“ನಿಮಗೆ ತಂಗೀನೇ ಇಲ್ವಲ್ಲಕ್ಕ?” ಎಂದೆ.

“ಇವತ್ತು ಬೆಳಿಗ್ಗೆಯಿಂದ ಇದಾಳೆ. ಚೀಟಿ ಹರಿದು ಕೊಡು.”

ಮೊದಲ ದಿನವೇ ಚೀಟಿ ಹರಿದುಕೊಟ್ಟಿದ್ದರೆ ಒಂದು ಶೀಶೆ ಔಷಧಿ, ಒಂದು ವಾರದ ಮಾತ್ರೆಯಲ್ಲಿ ಮುಗಿಯುತ್ತಿತ್ತು. ಅಷ್ಟು ಹೊತ್ತಿಗೆ ಮಗುವಿನ ಒಂದು ಕಿವಿ ಹೋಗಿತ್ತು.

ಎರಡು ವರ್ಷದಲ್ಲಿ ಸಿಸ್ಟರಕ್ಕನವರ ಎರಡು ಕೋಣೆಯ ಮನೆಯಲ್ಲಿ, ದಾಖಲೆಯ ಪ್ರಕಾರ, ನೂರ ನಲವತ್ತು ಜನ ವಾಸವಾಗಿದ್ದರು. ಮಕ್ಕಳ ಲಸಿಕೆಯ ಸೂಚನಾ ಪತ್ರಗಳು ಅಂಚೆಯಲ್ಲಿ ಕಟ್ಟುಗಟ್ಟಲೆ ಆ ಮನೆಗೇ ಬರುತ್ತಿದ್ದವು. ಅವರ ಅತ್ತೆಯವರು ಕನ್ನಡಕ ಏರಿಸಿಕೊಂಡು ಅವನ್ನು ವಿಂಗಡಿಸುತ್ತಾ, “ಇಷ್ಟು ಮಕ್ಕಳಿದ್ದೂ ಮನೇಲಿ ಒಂಚೂರು ಗಲಾಟೆ ಇಲ್ಲ ನೋಡು” ಎನ್ನುತ್ತಿದ್ದರಂತೆ. ಕೆಲಸ ಮುಗಿದ ಮೇಲೆ ಸೊಸೆ ಆ ಕಟ್ಟು ಹಿಡಿದು ಗೋದಾಮಿಗೆ ನಡೆಯುತ್ತಿದ್ದರು.

ಕೊನೆಗೆ ಸಂಬಂಧಗಳ ಹೆಸರು ಮುಗಿದುಹೋದವು. ಭಾವ, ಮೈದುನ, ಅತ್ತಿಗೆ ಎಲ್ಲ ತುಂಬಿದ ಮೇಲೆ ಒಬ್ಬ ಮುದುಕನಿಗೆ ‘ಷಡ್ಡಕ’ ಎಂದು ಬರೆದರು, ಸಿಕ್ಕಿಬಿದ್ದದ್ದು ಅಲ್ಲೇ. ವಿಚಾರಣೆಗೆ ಬಂದ ಅಧಿಕಾರಿ ಅವರ ಸೇವಾ ಪುಸ್ತಕವನ್ನು ಮುಂದಿಟ್ಟು ಕೇಳಿದರು: “ನೀವು ಒಬ್ಬಳೇ ಮಗಳು. ನಿಮ್ಮ ಯಜಮಾನರಿಗೆ ಷಡ್ಡಕ ಎಲ್ಲಿಂದ ಬಂದ?”

“ಗಡಿ ದಾಟಿ ಬಂದ ಸರ್.”

ಹೆಸರುಗಳನ್ನು ಹೊಡೆದುಹಾಕುತ್ತೇವೆ ಎಂದು ಅಧಿಕಾರಿ ಗದರಿದಾಗ, “ಹಾಕಿ ಸರ್. ಕಾಯಿಲೆಯವರನ್ನ ವಾಪಸ್ ಕಳಿಸ್ತಿದೀವಿ ಅಂತ ಬರೆದು, ಕೆಳಗೆ ಸಹಿ ಮಾಡಿ” ಎಂದರು. ಸಹಿ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ. ಹೆಸರುಗಳು ಉಳಿದವು, ಅವರ ಬಡ್ತಿ ಹೋಯಿತು. ಸೇರಿದ ದರ್ಜೆಯಲ್ಲೇ ಅವರು ನಿವೃತ್ತರಾಗುತ್ತಿದ್ದಾರೆ. ಆ ಬಡ್ತಿ ಕಿತ್ತುಕೊಂಡ ಇಲಾಖೆಯೇ ಈಗ ಶಾಲು ಹೊದಿಸಿ ‘ಮಾನವೀಯತೆಯ ಸಾಕಾರಮೂರ್ತಿ’ ಎಂದು ಫಲಕ ಕೊಡುತ್ತಿದೆ. ನಾಚಿಕೆ ಎಂಬ ಕಾಲಂ ನಮ್ಮ ಯಾವ ಅರ್ಜಿಯಲ್ಲೂ ಇಲ್ಲ.

ಫಲಕದ ಜೊತೆಗೇ ಸುತ್ತೋಲೆಯೂ ಬಂದಿದೆ. ಕ್ವಾರ್ಟರ್ಸ್ ತೆರವಾದ ದಿನವೇ ಆ ವಿಳಾಸದ ಎಲ್ಲ ಹೆಸರುಗಳೂ ತಾವಾಗಿಯೇ ರದ್ದಾಗುತ್ತವಂತೆ. ಈ ಸಲ ಯಾರೂ ಸಹಿ ಮಾಡಬೇಕಾಗಿಲ್ಲ. ಕಂಬ ಹದಿನಾಲ್ಕರ ಆ ತಾಯಿಗೆ ಈಗ ಸಕ್ಕರೆ ಕಾಯಿಲೆ. ದಿನಕ್ಕೆರಡು ಸಲ ಇನ್ಸುಲಿನ್ ಬೇಕು. ಒಂದನೇ ತಾರೀಕಿನಿಂದ ಅವಳಿಗೆ ಚೀಟಿಯಿಲ್ಲ.

ಚೀಟಿಯಿಲ್ಲ ಎಂದು ಇಲಾಖೆ ಅಂದುಕೊಂಡಿದೆ. ಈ ಸಂಪುಟ ಓದುವ ಅಧಿಕಾರಿಗಳು ದಯವಿಟ್ಟು ಗಮನಿಸಬೇಕು: ಆ ಎಲ್ಲ ಹೆಸರುಗಳನ್ನೂ ಕಳೆದ ವಾರವೇ ನನ್ನ ಮನೆ ಸಂಖ್ಯೆಗೆ ವರ್ಗಾಯಿಸಿದ್ದೇನೆ, ಪ್ರತಿ ಹಾಳೆಯಲ್ಲೂ ನನ್ನ ಸಹಿ ಇದೆ. ಆ ತಾಯಿಯ ಸಂಬಂಧ, ‘ತಂಗಿ’. ನನ್ನಾಕೆ ಹೇಳಿದ್ದು ಒಂದೇ ಮಾತು: “ಷಡ್ಡಕ ಅಂತ ಮಾತ್ರ ಬರೀಬೇಡಿ, ನಾನೂ ಒಬ್ಬಳೇ ಮಗಳು.”

ಸಿಸ್ಟರಕ್ಕ ನಿವೃತ್ತಿಯ ನಂತರದ ಸೋಮವಾರದಿಂದ ಗೋದಾಮಿನಲ್ಲೇ ಕುಳಿತು ರೋಗಿಗಳನ್ನು ನೋಡುತ್ತಾರಂತೆ. ಅವರ ಕೈಗುಣ ಹೀಗೇ ಇರಲಿ. ಆ ಎರಡು ಕಾಲಂಗಳು ಅರ್ಜಿಯಿಂದ ತೊಲಗುವುದನ್ನು ಕಣ್ಣಾರೆ ಕಾಣುವಷ್ಟು ಆಯುಷ್ಯ ಅವರಿಗಿರಲಿ. ನೂರು ವರ್ಷ ಬಾಳಲಿ ಎನ್ನುವುದು ವಾಡಿಕೆ. ನಮ್ಮ ಇಲಾಖೆಯ ವೇಗ ಬಲ್ಲ ನಾನು ನೂರಿಪ್ಪತ್ತು ಎಂದು ಹಾರೈಸುತ್ತೇನೆ.