ಪಣಜಿಯ ಪೇಟೆಯಲ್ಲಿ ಆಡಿದ ಮಾತು

ಎಂಬತ್ತರ ದಶಕದ ಕೊನೆ. ನನಗೆ ನಾಲ್ಕು ತಿಂಗಳಾಗಿತ್ತು, ಚೊಚ್ಚಲು. ಗಂಡನ ಕಚೇರಿಯ ಸಾಹೇಬರು ರಜೆಗೆಂದು ಪಣಜಿಗೆ ಹೊರಟಾಗ ನಮ್ಮನ್ನೂ ಕರೆದರು. ಸುದ್ದಿ ತಿಳಿದದ್ದೇ ತಡ, ಕಮಲಾಪುರದಿಂದ ಅವ್ವ ಗಂಟು ಕಟ್ಟಿಕೊಂಡು ಶಹರದ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಗೆ ಬಂದಿಳಿದಳು. “ಬಸರಿ ಹೆಂಗಸಿನ ತ್ರಾಸ ಗಂಡಸರಿಗೇನು ತಿಳೀತದ? ನಾನೂ ಬರ್ತೀನಿ.” ನನಗೆ ಮೈಯೆಲ್ಲ ಉರಿಯಿತು. ಮಾಸಿದ ಇಳಕಲ್ ಸೀರೆ, ಬರಿಗಾಲು, ಬಾಯಲ್ಲಿ ತಂಬಾಕು. ಗಂಡನ ಬಡ್ತಿ ಸಾಹೇಬರ ಕೈಯಲ್ಲಿತ್ತು.

ಪಣಜಿಯಲ್ಲಿ ಸಾಹೇಬರ ಹೆಂಡತಿಯ ಜೊತೆ ಪೋರ್ಚುಗೀಸರ ಕಾಲದ ಹಳದಿ, ನೀಲಿ ಮನೆಗಳ ಓಣಿ ದಾಟಿ ಕರಕುಶಲ ವಸ್ತುಗಳ ಪೇಟೆಗೆ ಹೋದೆ. ಲಾಡ್ಜಿನಲ್ಲೇ ಬಿದ್ದಿರು ಎಂದಿದ್ದರೂ ಅವ್ವ ನೀರಿನ ತಂಬಿಗೆ ಹಿಡಿದು ಹಿಂದೆಯೇ ಬಂದಿದ್ದಳು. ಒಂದು ಅಂಗಡಿಯ ಮುಂದೆ ಕೌದಿಗಳನ್ನು ತೂಗುಹಾಕಿದ್ದರು. ಅವ್ವ ಒಂದನ್ನು ಸರ್ರನೆ ಎಳೆದು, ತಿರುವಿ, ಹಿಂಬದಿಯ ಹೊಲಿಗೆ ನೋಡಿದಳು. ಸಣ್ಣದು, ಕೂಸಿಗೆ ಹೊದಿಸುವಂಥದ್ದು. ಕೂಸಿನ ಕೌದಿಯನ್ನು ತವರಿನವರು ಮನೆಯ ಹಳೆ ಸೀರೆಗಳಲ್ಲಿ ಹೊಲಿದು ಕೊಡುತ್ತಾರೆ. ನಮ್ಮಲ್ಲಿ ಯಾರೂ ಅದನ್ನು ಮಾರುವುದಿಲ್ಲ.

“ಕೂಸಿನ ಕೌದಿ ಮಾರ್ತಾರೇನಲೇ? ನಾಚ್ಕಿ ಬರಂಗಿಲ್ಲೇನ್ ನಿನಗ?” ಎಂದು ಅಂಗಡಿಯವನ ಮೇಲೆ ಹರಿಹಾಯ್ದಳು. ಪೇಟೆಯೇ ತಿರುಗಿ ನೋಡಿತು. ಸಾಹೇಬರ ಹೆಂಡತಿ ಮೂಗು ಮುರಿದು, “ಯಾರ್ರೀ ಈಕಿ?” ಎಂದರು.

“ಮನಿ ಕೆಲಸದಾಕಿ ರೀ,” ಎಂದೆ. ತಡವರಿಸಲೂ ಇಲ್ಲ, ಥೂ ನನ್ನ ಜನ್ಮಕ್ಕಿಷ್ಟು! “ಮಂದ್ಯಾಗ ಹೆಂಗಿರಬೇಕಂತ ತಿಳಿಯಂಗಿಲ್ಲ.”

ಅವ್ವ ಕೌದಿ ಮಡಚಿಟ್ಟಳು. ನನ್ನ ಕೈಚೀಲ ಇಸಿದುಕೊಂಡು, “ತಪ್ಪಾತ್ರಿ ಬಾಯಾರ,” ಎಂದಳು. ಕೆಲಸದವರು ಯಜಮಾನತಿಯನ್ನು ಹಾಗೆ ಕರೆಯುತ್ತಾರೆ. ಅಬ್ಬಾ, ಎಷ್ಟು ಚೆಂದ ನಿಭಾಯಿಸಿದಳು ಎಂದುಕೊಂಡೆ!

ಲಾಡ್ಜಿಗೆ ಬಂದ ಮೇಲೂ ಅವಳು ಆ ಪಾತ್ರ ಬಿಡಲಿಲ್ಲ. ಮಂಚ ಮುಟ್ಟಲಿಲ್ಲ. ನಾವು ಉಂಡ ಮೇಲೆ ಬಾಗಿಲ ಹತ್ತಿರ ಕೂತು ಉಂಡಳು. ಯಾಕೆಂದು ಗಂಡ ಕೇಳಿದರೆ, ಅವಳಿಗೆ ನೆಲವೇ ರೂಢಿ ಎಂದೆ. ಅವರು ಆಚೆ ಹೋದದ್ದೇ, “ಸಾಕು ಮಾಡವಾ, ಈಗ ಯಾರೂ ಇಲ್ಲಲ್ಲ,” ಎಂದೆ. “ಇಲ್ದಿದ್ರೇನ್ರಿ,” ಎಂದಳು. ಸಿಟ್ಟು, ಎರಡು ದಿನಕ್ಕೆ ಇಳಿದೀತು ಎಂದುಕೊಂಡೆ.

ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಏಳನೇ ತಿಂಗಳಲ್ಲಿ ಕಮಲಾಪುರಕ್ಕೆ ಹೋದೆ. ಅವ್ವ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಕಾಲು ಒತ್ತಿದಳು, ತಲೆಗೆ ಎಣ್ಣೆ ತಟ್ಟಿದಳು, ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಕೊಟ್ಟಳು. ಒಮ್ಮೆಯಾದರೂ ‘ನೀ’ ಅನ್ನಲಿಲ್ಲ. ಕಣ್ಣೀರು ಹಾಕಿದೆ, ಬೈದೆ, ಕೊನೆಗೆ ಕಾಲು ಹಿಡಿದೆ. “ಇಂಥಾದ್ರಾಗ ಬಗ್ಗಬಾರದ್ರಿ,” ಎಂದು ರೆಟ್ಟೆ ಹಿಡಿದು ಎಬ್ಬಿಸಿದಳು.

ನೋವು ಶುರುವಾದ ಮುಂಜಾನೆ ಗೋಡೆ ಹಿಡಿದುಕೊಂಡು “ಯವ್ವಾ! ಯವ್ವಾ!” ಎಂದು ಚೀರಿದೆ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ಸೆರಗಿನಿಂದ ನನ್ನ ಹಣೆ ಒರೆಸಿದಳು.

“ನಿಮ್ಮವ್ವ ಎಲ್ಲಿರ್ತಾರ್ರಿ, ಬಾಯಾರ?” ಎಂದಳು. “ಹೇಳಿ ಕಳಸ್ತೀನಿ.”